ತದ್ರೂಪಿ ಮಗು ಬೇಡವೆಂದೆವು, ಕಾನೂನು ಎಲ್ಲಿ?

ನಂಜನಗೂಡಿನ ರಸಬಾಳೆಗೆ ಬೀಜವಿಲ್ಲ. ದೇವರಸನಹಳ್ಳಿಯ ಸುತ್ತಿನ ಕಪ್ಪು ಮಣ್ಣಿನಲ್ಲಿ ತಲೆಮಾರುಗಳಿಂದ ಬೆಳೆದುಬಂದ ಆ ತಳಿಯ ಪ್ರತಿಯೊಂದು ಗಿಡವೂ ಇನ್ನೊಂದು ಗಿಡದ ಬುಡದಿಂದ ಕಿತ್ತು ತಂದ ಕಂದಿನಿಂದಲೇ ಎದ್ದದ್ದು. ಕಪಿಲೆಯ ಜೊತೆ ಕೆಳಗಿಳಿದು ತಿ. ನರಸೀಪುರದ ಕಡೆ ಬಂದರೆ ಹಿಪ್ಪುನೇರಳೆಯನ್ನು ಕಡ್ಡಿ ನೆಟ್ಟು ಬೆಳೆಸುತ್ತಾರೆ, ಕಬ್ಬನ್ನು ತುಂಡು ಊರಿ ಬೆಳೆಸುತ್ತಾರೆ. ಪರಾಗದ ಹಂಗಿಲ್ಲದೆ, ತಾಯಿಗಿಡದ ವಂಶವಾಹಿಗಳನ್ನೇ ಪೂರ್ತಿಯಾಗಿ ಹೊತ್ತು ಬೆಳೆಯುವ ಇವೆಲ್ಲ ವಿಜ್ಞಾನದ ಲೆಕ್ಕದಲ್ಲಿ ಕ್ಲೋನ್‌ಗಳು, ತದ್ರೂಪಿಗಳು. ಇಂಥ ಸೀಮೆಯಲ್ಲಿ ನಿಂತು ‘ಕ್ಲೋನಿಂಗ್ ಪ್ರಕೃತಿಗೆ ವಿರುದ್ಧ, ಆದ್ದರಿಂದ ಮನುಷ್ಯರಲ್ಲಿ ಅದು ಕೂಡದು’ ಎಂದು ವಾದಿಸಿದರೆ ಆ ವಾದ ನಿಲ್ಲುವುದಿಲ್ಲ. ಕ್ಲೋನಿಂಗ್ ಮೂಲಕ ಮಗು ಹುಟ್ಟಿಸುವುದು ಕೂಡದು ಎಂಬುದೇ ನನ್ನ ನಿಲುವು ಕೂಡ. ಆದರೆ ಕಾರಣ ಬೇರೆ. ಆ ಕಾರಣವನ್ನು ಸರಿಯಾಗಿ ಹಿಡಿಯದೆ ಹೋದದ್ದರಿಂದ ಜಗತ್ತಿನ ದೇಶಗಳಿಗೆ ಈ ವಿಷಯದಲ್ಲಿ ಒಂದು ಒಪ್ಪಂದ ಸಾಧ್ಯವಾಗಲಿಲ್ಲ. ಅದನ್ನು ಸರಿಯಾಗಿಯೇ ಹಿಡಿದ ಭಾರತ ಇಂದಿಗೂ ಒಂದು ಕಾನೂನು ಮಾಡಿಲ್ಲ.

ಮೊದಲು ‘ನಕಲು’ ಎಂಬ ಭಯವನ್ನು ಪಕ್ಕಕ್ಕಿಡೋಣ. ರಸಬಾಳೆಗೆ 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತಮಿಳುನಾಡಿನವರು ರಸ್ತಾಳಿ ಎನ್ನುವ ಬಾಳೆಯೂ ಇದೇ ಗುಂಪಿನದು, ಹತ್ತಿರದ ಬಂಧು. ಆದರೂ ನಂಜನಗೂಡಿನ ಹೆಸರಿಗೆ ಪ್ರತ್ಯೇಕ ರಕ್ಷಣೆ ಕೊಟ್ಟದ್ದು ಏಕೆ? ಮಣ್ಣು, ನೀರು, ಸಾಕುವ ಕೈ ಸೇರಿ ಹಣ್ಣಿನ ರುಚಿ ಕಂಪು ಮೂಡುತ್ತವೆ, ವಂಶವಾಹಿಯೊಂದರಿಂದಲೇ ಅಲ್ಲ ಎಂದು ಭೌಗೋಳಿಕ ಗುರುತಿನ ಕಾನೂನೇ ಒಪ್ಪಿಕೊಂಡಂತಾಯಿತು. ಕಂದನ್ನು ಬೇರೆ ಸೀಮೆಗೆ ಒಯ್ದು ನೆಡಬಹುದು, ನಂಜನಗೂಡಿನ ಮಣ್ಣನ್ನು ಅದರ ಜೊತೆ ಒಯ್ಯಲಾಗದು. ಪ್ರಾಣಿಗಳಲ್ಲೂ ಹೀಗೆಯೇ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಮೈಬಣ್ಣವೇ ಮೂಲ ಬೆಕ್ಕಿಗಿಂತ ಬೇರೆಯಾಗಿತ್ತು. ಇನ್ನು ಒಂದೇ ಅಂಡದಿಂದ ಹುಟ್ಟಿದ ಅವಳಿ ಮಕ್ಕಳು ಪ್ರಕೃತಿಯೇ ಮಾಡಿದ ತದ್ರೂಪಿಗಳು. ಅವರಿಬ್ಬರೂ ಎರಡು ಪೂರ್ಣ ವ್ಯಕ್ತಿಗಳೆಂಬುದನ್ನು ಯಾರೂ ಅನುಮಾನಿಸುವುದಿಲ್ಲ. ತೀರಿಹೋದ ಮಗನ ಜೀವಕೋಶದಿಂದ ಇನ್ನೊಂದು ಮಗುವನ್ನು ಪಡೆದರೆ ಹುಟ್ಟುವುದು ಆ ಮಗನಲ್ಲ, ಅವನನ್ನು ಹೋಲುವ ಹೊಸಬ. ಒಂದೇ ವಂಶವಾಹಿಯ ಬಾಳೆ ತೋಟಗಳನ್ನು ಪನಾಮ ಸೊರಗು ರೋಗ ಒಮ್ಮೆಲೇ ಮಲಗಿಸಿದ ಹಾಗೆ ಮನುಷ್ಯಕುಲವೂ ಬಲಹೀನವಾದೀತು ಎಂದು ಕೆಲವರು ಹೆದರಿಸುತ್ತಾರೆ. ರಸಬಾಳೆ ಹೆಚ್ಚುಕಡಿಮೆ ಅಳಿಯುವ ಅಂಚಿಗೆ ಬಂದದ್ದು ಆ ರೋಗದ ಶಿಲೀಂಧ್ರದಿಂದ ಎಂಬುದು ನಿಜ, ಅಂಗಾಂಶ ಕೃಷಿಯ ಸಸಿಗಳಿಂದ ಅದನ್ನು ಮತ್ತೆ ಎಬ್ಬಿಸುವ ಯತ್ನ ನಡೆದಿರುವುದೂ ನಿಜ. ಆದರೆ ಎಂಟುನೂರು ಕೋಟಿ ಜನರ ನಡುವೆ ಬೆರಳೆಣಿಕೆಯ ತದ್ರೂಪಿಗಳಿಂದ ಮನುಷ್ಯಕುಲದ ವೈವಿಧ್ಯಕ್ಕೆ ಏನೂ ಆಗದು. ದುರ್ಬಲ ವಾದಗಳನ್ನು ಹಿಡಿದುಕೊಂಡರೆ ಬಲವಾದ ವಾದದ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಲವಾದ ವಾದ ಇರುವುದು ಲೆಕ್ಕದಲ್ಲಿ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಡಾಲಿ ಎಂಬ ಕುರಿಮರಿ ಹುಟ್ಟಿತು. ಅಂಡಾಣುವಿನೊಳಗಿನ ಕೋಶಕೇಂದ್ರವನ್ನು ತೆಗೆದು, ಬೆಳೆದ ಕುರಿಯೊಂದರ ಕೆಚ್ಚಲಿನ ಜೀವಕೋಶವನ್ನು ಅದರೊಡನೆ ಬೆಸೆದು, ವಿದ್ಯುತ್ತಿನಿಂದ ಚುರುಕುಗೊಳಿಸಿ ಭ್ರೂಣವಾಗಿಸುವುದು ಅದರ ವಿಧಾನ. ಹಾಗೆ ಬೆಸೆದ ಅಂಡಾಣುಗಳು 277. ಅವುಗಳಲ್ಲಿ ಗರ್ಭಕ್ಕೆ ಸೇರಿಸಲು ತಕ್ಕವಾಗಿ ಬೆಳೆದದ್ದು 29 ಭ್ರೂಣಗಳು. 13 ಕುರಿಗಳ ಗರ್ಭಕ್ಕೆ ಅವನ್ನು ಸೇರಿಸಲಾಯಿತು. ಹುಟ್ಟಿದ್ದು ಒಂದೇ ಮರಿ. ನಮ್ಮ ದೇಶದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರುವರಿಯಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಕರು ಒಂದು ವಾರವೂ ಬದುಕಲಿಲ್ಲ. ಮನುಷ್ಯನಿಗೆ ಹತ್ತಿರವಾದ ಮಂಗಗಳಲ್ಲಿ ಚೀನಾದ ವಿಜ್ಞಾನಿಗಳು ಯಶಸ್ವಿಯಾದರೆಂದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಆಗ ಹುಟ್ಟಿದ ಎರಡು ಮರಿಗಳಿಗಾಗಿ 21 ಹೆಣ್ಣು ಮಂಗಗಳ ಗರ್ಭಕ್ಕೆ 79 ಭ್ರೂಣಗಳನ್ನು ಸೇರಿಸಬೇಕಾಯಿತು. ಅವನ್ನೂ ಗರ್ಭದಲ್ಲಿದ್ದ ಮರಿಯ ಜೀವಕೋಶದಿಂದ ಮಾಡಿದ್ದರು. ಬೆಳೆದ ಮಂಗದ ಜೀವಕೋಶ ಬಳಸಿದಾಗ 42 ಮಂಗಗಳಿಂದ ಹುಟ್ಟಿದ ಎರಡು ಮರಿಗಳೂ ಬೇಗನೆ ಸತ್ತವು.

ಈಗ ಇದನ್ನು ನಮ್ಮ ಕಾನೂನಿನ ಪಕ್ಕದಲ್ಲಿಟ್ಟು ನೋಡೋಣ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ಒಬ್ಬ ಮಹಿಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣು ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಡಾಲಿಗೆ ಬೇಕಾದಷ್ಟೇ ಅಂಡಾಣು ಸಾಕೆಂದುಕೊಂಡರೂ ಒಂದು ಮಗುವಿಗಾಗಿ 40 ಹೆಂಗಸರು ಹಾರ್ಮೋನ್ ಚುಚ್ಚುಮದ್ದು ಚುಚ್ಚಿಸಿಕೊಂಡು ಅರಿವಳಿಕೆಯಲ್ಲಿ ಮಲಗಬೇಕು. ಆ ಮೇಲೆ ಹತ್ತಾರು ಹೆಂಗಸರು ಗರ್ಭ ಹೊರಬೇಕು, ಅವರಲ್ಲಿ ಬಹುಪಾಲು ಗರ್ಭಗಳು ನಿಲ್ಲುವುದಿಲ್ಲ. ಆ ಹೆಂಗಸರು ಯಾರ ಮನೆಯವರಾಗಿರುತ್ತಾರೆ ಎಂದು ಕೇಳಬೇಕಾಗಿಲ್ಲ. ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಮನುಷ್ಯರ ಕ್ಲೋನ್ ಭ್ರೂಣದಿಂದ, ಯಾವ ಅಂಗಾಂಶವಾಗಿಯೂ ಬೆಳೆಯಬಲ್ಲ ಆಕರಕೋಶ (ಸ್ಟೆಮ್ ಸೆಲ್) ತೆಗೆದೆನೆಂದು 2004 ಮತ್ತು 2005ರಲ್ಲಿ ಪ್ರಕಟಿಸಿದ ಎರಡೂ ಪ್ರಬಂಧಗಳು ಸುಳ್ಳೆಂದು ಬಯಲಾದಾಗ, ಆತ ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳನ್ನು ಬಳಸಿದ್ದದ್ದೂ, ಕೊಟ್ಟವರಲ್ಲಿ ಆತನ ಕೈಕೆಳಗೆ ಕೆಲಸ ಮಾಡುವ ಕಿರಿಯ ಸಂಶೋಧಕಿಯರೂ ಇದ್ದದ್ದೂ ಹೊರಬಿತ್ತು. ಇಷ್ಟೆಲ್ಲ ದಾಟಿ ಹುಟ್ಟಿದ ಮಗುವೂ ಒಂದು ಪ್ರಯೋಗದ ಫಲವೇ. ಆ ಪ್ರಯೋಗಕ್ಕೆ ಅದು ಒಪ್ಪಿಗೆ ಕೊಟ್ಟಿರುವುದಿಲ್ಲ. ತಂತ್ರಜ್ಞಾನ ನಾಳೆ ಸುಧಾರಿಸಿದರೂ ಒಂದು ಆಕ್ಷೇಪ ಹಾಗೆಯೇ ಉಳಿಯುತ್ತದೆ. ಅವಳಿ ಮಕ್ಕಳು ಜೊತೆಗೆ ಹುಟ್ಟುತ್ತಾರೆ, ಒಬ್ಬರ ಬದುಕು ಇನ್ನೊಬ್ಬರಿಗೆ ಮೊದಲೇ ಬರೆದಿಟ್ಟ ಪಾಠವಾಗುವುದಿಲ್ಲ. ತದ್ರೂಪಿ ಮಗುವನ್ನು ಬಯಸುವವರು ಯಾರದೋ ಬದುಕನ್ನು ಕಣ್ಣಮುಂದಿಟ್ಟುಕೊಂಡೇ ಬಯಸುತ್ತಾರೆ. ಅದು ಅವರ ಲೆಕ್ಕದ ಹಾಗೆ ಬೆಳೆಯದಿದ್ದರೆ, ಹಾಗೆ ಬೆಳೆಯುವುದೂ ಇಲ್ಲ, ಆ ನಿರಾಶೆಯನ್ನು ಹೊರಬೇಕಾದುದು ಮಗು.

ಜಗತ್ತು ಏನು ಮಾಡಿತು ಎಂಬುದನ್ನು ಇಲ್ಲಿ ನೋಡಬೇಕು. ಡಾಲಿಯ ಸುದ್ದಿ ಹೊರಬಂದ ವರ್ಷವೇ, 1997ರ ನವೆಂಬರಿನಲ್ಲಿ, ಯುನೆಸ್ಕೋ ತನ್ನ ಘೋಷಣೆಯಲ್ಲಿ ಮನುಷ್ಯರ ಸಂತಾನಕ್ಕಾಗಿ ಕ್ಲೋನಿಂಗ್ ಮಾಡುವುದು ಮಾನವ ಘನತೆಗೆ ವಿರುದ್ಧ ಎಂದಿತು. 1998ರಲ್ಲಿ ಯುರೋಪಿನ ಪರಿಷತ್ತು ಅದನ್ನು ನಿಷೇಧಿಸುವ ಒಪ್ಪಂದವನ್ನು ಸಹಿಗೆ ಇಟ್ಟಿತು, ಅದು 2001ರ ಮಾರ್ಚಿನಲ್ಲಿ ಜಾರಿಗೆ ಬಂತು. ಬ್ರಿಟನ್, ಜರ್ಮನಿಗಳು ಸಹಿ ಹಾಕಲಿಲ್ಲ. ಜಗತ್ತಿಗೆಲ್ಲ ಒಂದು ಒಪ್ಪಂದ ಬೇಕೆಂದು 2001ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ವಿಶ್ವಸಂಸ್ಥೆಯ ಮುಂದೆ ಹೋದವು. ಕ್ಲೋನಿಂಗ್ ಮೂಲಕ ಮಗು ಹುಟ್ಟಿಸುವುದು ಬೇಡ ಎಂಬುದರಲ್ಲಿ ಆ ಸಭೆಯಲ್ಲಿ ಹೆಚ್ಚುಕಡಿಮೆ ಒಮ್ಮತವಿತ್ತು. ಅಷ್ಟಕ್ಕೆ ನಿಂತಿದ್ದರೆ ಒಪ್ಪಂದ ಆಗಿಯೇಬಿಡುತ್ತಿತ್ತು. ಆದರೆ ಅಮೆರಿಕ, ಕೋಸ್ಟರಿಕಾ ಮುಂತಾದವು ಕ್ಲೋನ್ ಭ್ರೂಣವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವು ದಿನ ಬೆಳೆಸಿ ಆಕರಕೋಶ ತೆಗೆಯುವ ಸಂಶೋಧನೆಯನ್ನೂ ಸೇರಿಸಿಯೇ ನಿಷೇಧಿಸಬೇಕೆಂದು ಪಟ್ಟು ಹಿಡಿದವು. 2003ರಲ್ಲಿ ವಿಷಯವನ್ನು ಮುಂದೂಡುವ ಸೂಚನೆ 80ಕ್ಕೆ 79 ಮತಗಳಿಂದ, ಒಂದೇ ಒಂದು ಮತದ ಅಂತರದಲ್ಲಿ ಗೆದ್ದಿತು. ಕೊನೆಗೆ 2005ರ ಮಾರ್ಚ್ 8ರಂದು ಹೊರಬಂದದ್ದು ಯಾರನ್ನೂ ಕಟ್ಟಿಹಾಕದ ಒಂದು ಘೋಷಣೆ. ಮಾನವ ಘನತೆ ಮತ್ತು ಜೀವರಕ್ಷಣೆಗೆ ಹೊಂದದ ಎಲ್ಲ ಬಗೆಯ ಮಾನವ ಕ್ಲೋನಿಂಗನ್ನು ನಿಷೇಧಿಸಿ ಎಂದು ಅದು ದೇಶಗಳನ್ನು ಕೋರಿತು. ಪರ 84, ವಿರುದ್ಧ 34, ತಟಸ್ಥ 37. ವಿರೋಧಿಸಿದವರಲ್ಲಿ ಭಾರತವೂ ಇತ್ತು, ಬ್ರಿಟನ್, ಚೀನಾ, ಜಪಾನ್‌ಗಳ ಜೊತೆ. ಸಂತಾನಕ್ಕಾಗಿ ಕ್ಲೋನಿಂಗ್ ಬೇಡ, ಚಿಕಿತ್ಸೆಯ ಸಂಶೋಧನೆಗೆ ಅಡ್ಡಿ ಬೇಡ ಎಂಬುದು ನಮ್ಮ ನಿಲುವು. ಅದು ಸರಿಯಾದ ಮತ ಎಂದೇ ನಾನು ತಿಳಿಯುತ್ತೇನೆ. ಎರಡು ಬೇರೆ ಕೆಲಸಗಳನ್ನು ಒಂದೇ ಗಂಟಿಗೆ ಕಟ್ಟಿದವರು ಎರಡನ್ನೂ ತಡೆಯಲಾಗದೆ ಹೋದರು.

ಆ ಮತಕ್ಕೆ ಕರ್ನಾಟಕದಲ್ಲೇ ಆಧಾರವಿತ್ತು. 2001ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅದುವರೆಗೆ ಜಗತ್ತಿನಲ್ಲಿ ಮಾಡಿದ್ದ ಮಾನವ ಭ್ರೂಣದ ಆಕರಕೋಶ ಸಾಲುಗಳ, ಅಂದರೆ ಒಂದು ಭ್ರೂಣದಿಂದ ತೆಗೆದು ಬೆಳೆಸುತ್ತ ಹೋಗುವ ಕೋಶಗಳ, ಪಟ್ಟಿ ಹಾಕಿದಾಗ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೂರು ಸಾಲುಗಳು ಅದರಲ್ಲಿದ್ದವು. ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು, ಐವಿಎಫ್ ಚಿಕಿತ್ಸೆಗೆ ಒದಗದೆ ಬಿಸಾಡಬೇಕಾದ ಕಳಪೆ ದರ್ಜೆಯ ಭ್ರೂಣಗಳಿಂದ ಎರಡು ಸಾಲುಗಳನ್ನು ಪಡೆದು 2009ರಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಕ್ಲೋನಿಂಗ್ ಇರಲಿಲ್ಲ. ಆದರೆ ವಿಶ್ವಸಂಸ್ಥೆಯಲ್ಲಿ ಜಗಳ ನಡೆದದ್ದು ಇದೇ ಬಗೆಯ ಕೆಲಸದ ಸುತ್ತ. ಭ್ರೂಣವೂ ಜೀವವೇ, ಅದನ್ನು ಸಾಧನವಾಗಿ ಬಳಸುವುದು ಪಾಪ ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆ ಮಾತಿಗೆ ವಿಜ್ಞಾನಿಗಳು ಕೊಟ್ಟ ಉತ್ತರ ಹದಿನಾಲ್ಕು ದಿನಗಳ ಗೆರೆ: ಬೆನ್ನುಹುರಿಯ ಮೊದಲ ಸುಳಿವೂ ಮೂಡುವ ಮುನ್ನ ಕೆಲಸ ನಿಲ್ಲಿಸಬೇಕು. ಆ ಗೆರೆ ಎಲ್ಲರಿಗೂ ಸಮಾಧಾನ ಕೊಡದು. ಆದರೂ ಪಾರ್ಕಿನ್ಸನ್ಸ್‌ನಂಥ ಕಾಯಿಲೆಯವರ ಆಸೆಯನ್ನೂ ಭ್ರೂಣದ ಮೇಲಿನ ಗೌರವವನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಇದಕ್ಕಿಂತ ಪ್ರಾಮಾಣಿಕ ದಾರಿ ಯಾರೂ ತೋರಿಸಿಲ್ಲ.

ತೊಂದರೆ ಇರುವುದು ಮತ ಹಾಕಿದ ಮೇಲಿನ ಕೆಲಸದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಸೇರಿ 2007ರಲ್ಲಿ ಆಕರಕೋಶ ಸಂಶೋಧನೆಗೆ ಮಾರ್ಗಸೂಚಿ ಹೊರಡಿಸಿತು, 2013ರಲ್ಲೂ 2017ರಲ್ಲೂ ಅದನ್ನು ಪರಿಷ್ಕರಿಸಿತು. ಸಂತಾನಕ್ಕಾಗಿ ಕ್ಲೋನಿಂಗ್ ಮಾಡುವುದು, ಭ್ರೂಣವನ್ನು 14 ದಿನಕ್ಕಿಂತ ಹೆಚ್ಚು ಬೆಳೆಸುವುದು ಅದರಲ್ಲಿ ನಿಷಿದ್ಧ. ಒಳ್ಳೆಯದೇ. ಆದರೆ ಅದು ಮಾರ್ಗಸೂಚಿ, ಸಂಸತ್ತು ಮಾಡಿದ ಕಾಯ್ದೆಯಲ್ಲ. ಮಾನವ ಕ್ಲೋನಿಂಗ್ ಮಾಡಿದವನನ್ನು ಆ ಅಪರಾಧದ ಹೆಸರಿನಲ್ಲೇ ಕಟಕಟೆಗೆ ತರುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಇದೇ ಮಾರ್ಗಸೂಚಿ ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟು ಉಳಿದವಕ್ಕೆ ಆಕರಕೋಶ ಚಿಕಿತ್ಸೆ ಇನ್ನೂ ಸಾಬೀತಾಗಿಲ್ಲ ಎಂದೂ ಹೇಳುತ್ತದೆ. ಅದನ್ನು ಜಾಹೀರಾತು ಹಾಕಿ ಮಾರುವ ಕ್ಲಿನಿಕ್ಕುಗಳು ದೇಶದ ದೊಡ್ಡ ನಗರಗಳಲ್ಲಿ ಬಹುಕಾಲ ನಡೆದವು, ಮಕ್ಕಳ ಕಾಯಿಲೆಗೆ ದಾರಿ ಕಾಣದ ತಂದೆತಾಯಿ ಸಾಲ ಮಾಡಿ ಅಲ್ಲಿಗೆ ಹೋದರು. ಸಂಕೋಚವುಳ್ಳವರನ್ನು ಮಾತ್ರ ತಡೆಯುವ ಶಕ್ತಿ ಮಾರ್ಗಸೂಚಿಗೆ.

ಕ್ಲೋನಿಂಗ್ ಈಗ ಯಾರಿಗೆ ಬೇಕು, ಅದರ ಕಾಲ ಮುಗಿಯಿತಲ್ಲ ಎಂಬ ಆಕ್ಷೇಪ ವಿಜ್ಞಾನ ಬಲ್ಲವರಿಂದಲೇ ಬರುತ್ತದೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಚರ್ಮಕೋಶವನ್ನೇ ಆಕರಕೋಶದಂತೆ ಮಾಡಿ ತೋರಿಸಿ 2012ರಲ್ಲಿ ನೊಬೆಲ್ ಪಡೆದರು. ಅಂಡಾಣು ಬೇಡ, ಭ್ರೂಣ ಬೇಡ. ಚಿಕಿತ್ಸೆಯ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಮಗು ಹುಟ್ಟಿಸುವ ಮಟ್ಟಿಗೆ ನಿಜವಲ್ಲ. 2013ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಶೌಖ್ರತ್ ಮಿತಾಲಿಪೊವ್ ತಂಡ ಹ್ವಾಂಗ್ ಸುಳ್ಳು ಹೇಳಿದ್ದನ್ನು ನಿಜವಾಗಿ ಮಾಡಿ ತೋರಿಸಿತು, ಮನುಷ್ಯರ ಕ್ಲೋನ್ ಭ್ರೂಣದಿಂದ ಆಕರಕೋಶ ತೆಗೆಯಿತು. ಐದು ವರ್ಷ ಕಳೆಯುವುದರೊಳಗೆ ಮಂಗಗಳು ಹುಟ್ಟಿದವು. ಆ ಮಂಗಗಳ ಸುದ್ದಿ ಬಂದ ವರ್ಷವೇ ಚೀನಾದಲ್ಲಿ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ವಂಶವಾಹಿ ತಿದ್ದಿದ ಭ್ರೂಣಗಳಿಂದ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ ಸಂಗತಿ ಬಯಲಾಯಿತು. ಅದು ಕೂಡದೆಂದು ಚೀನಾದಲ್ಲಿ 2003ರಿಂದಲೇ ನಿಯಮಗಳಿದ್ದವು, ನಮ್ಮ ಐಸಿಎಂಆರ್ ಮಾರ್ಗಸೂಚಿಯ ಹಾಗೆ. ನ್ಯಾಯಾಲಯ ಕೊನೆಗೆ ಆತನಿಗೆ ಮೂರು ವರ್ಷದ ಶಿಕ್ಷೆ ಕೊಟ್ಟದ್ದು ಪರವಾನಗಿ ಇಲ್ಲದೆ ವೈದ್ಯವೃತ್ತಿ ಮಾಡಿದ ಆರೋಪದ ಮೇಲೆ. ಮಾಡಿದ ಕೆಲಸಕ್ಕೆ ತಕ್ಕ ಸೆಕ್ಷನ್ನೇ ಇರಲಿಲ್ಲ. ಚೀನಾ ಪಾಠ ಕಲಿತು, ವಂಶವಾಹಿ ತಿದ್ದಿದ ಅಥವಾ ಕ್ಲೋನ್ ಮಾಡಿದ ಮಾನವ ಭ್ರೂಣವನ್ನು ಗರ್ಭಕ್ಕೆ ಸೇರಿಸುವುದೇ ಅಪರಾಧ ಎಂದು ದಂಡಸಂಹಿತೆಗೆ ಸೇರಿಸಿತು, 2021ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ನಾವು ಅಂಥ ಪ್ರಕರಣಕ್ಕೆ ಕಾಯುತ್ತಿರುವಂತೆ ಕಾಣುತ್ತದೆ.

ಕಾನೂನು ಮಾಡಿದರೂ ಏನಾಯಿತು ಎಂಬ ಪ್ರಶ್ನೆ ಮೈಸೂರು ಸೀಮೆಯವರಿಗೆ ಸಹಜವಾಗಿ ಬರಬೇಕು. ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾಯ್ದೆ 1994ರದು, 1996ರಿಂದ ಜಾರಿಯಲ್ಲಿದೆ, 2003ರಲ್ಲಿ ಬಿಗಿಯೂ ಆಯಿತು. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡಿ, ಹೆಣ್ಣೆಂದು ತಿಳಿದರೆ ಮೈಸೂರಿನಲ್ಲಿ ಗರ್ಭಪಾತ ಮಾಡಿಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಭೇದಿಸಿದರು. ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳಾಗಿರಬಹುದೆಂದು ಆಗ ಪೊಲೀಸರು ಹೇಳಿದರು. ಇದನ್ನು ತೋರಿಸಿ ಕಾನೂನೇ ನಿರರ್ಥಕ ಎನ್ನುವುದು ತಪ್ಪಾಗುತ್ತದೆ. ಕಾಯ್ದೆ ಇಲ್ಲದಿದ್ದರೆ ಆ ಜಾಲವನ್ನು ಹಿಡಿಯಲು ಪೊಲೀಸರಿಗೆ ಕಾರಣವೇ ಇರುತ್ತಿರಲಿಲ್ಲ. ಯಂತ್ರ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬ ನೋಂದಣಿಯನ್ನು ಊರೂರಿಗೆ ಹೋಗಿ ತಪಾಸಿಸಲಿಲ್ಲವಾದ್ದರಿಂದಲೇ ಅದು ಆಲೆಮನೆಯ ತನಕ ಬಂತು. ಕ್ಲೋನಿಂಗನ್ನು ತಡೆಯುವುದು ಇದಕ್ಕಿಂತ ಸುಲಭ. ಆಲೆಮನೆಯಲ್ಲಿ ಅದು ಆಗದು. ಅಂಡಾಣು ತೆಗೆಯಲೂ ಭ್ರೂಣವನ್ನು ಗರ್ಭಕ್ಕೆ ಸೇರಿಸಲೂ ಐವಿಎಫ್ ಕೇಂದ್ರ ಬೇಕೇಬೇಕು. ಅಂಥ ಕೇಂದ್ರಗಳೆಲ್ಲ 2022ರ ಜನವರಿ 25ರಂದು ಜಾರಿಗೆ ಬಂದ ಸಹಾಯಕ ಸಂತಾನೋತ್ಪತ್ತಿ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಬಾಗಿಲು ಇರುವುದು ಒಂದೇ ಕಡೆ, ಕಾವಲಿಡಬೇಕಾದದ್ದೂ ಅಲ್ಲೇ.

ಆದರೆ ಆ ಕಾಯ್ದೆಯಲ್ಲೇ ಒಂದು ಬಿರುಕಿದೆ. ಫಲೀಕರಣದ ನಂತರ 56 ದಿನಗಳವರೆಗಿನ ಜೀವಿಯೇ ಭ್ರೂಣ ಎಂದು ಅದು ವ್ಯಾಖ್ಯಾನಿಸುತ್ತದೆ. ಲಿಂಗ ಪತ್ತೆ ನಿಷೇಧ ಕಾಯ್ದೆಯ ವ್ಯಾಖ್ಯಾನವೂ ಹೀಗೆಯೇ. ಕ್ಲೋನಿಂಗ್‌ನಲ್ಲಿ ವೀರ್ಯಾಣುವೇ ಇಲ್ಲ, ಫಲೀಕರಣವೇ ನಡೆಯುವುದಿಲ್ಲ. ಜಾಣ ವಕೀಲನಿಗೆ ಇಷ್ಟು ಸಾಕು. ಇದು ಬರೀ ಊಹೆಯಲ್ಲ, ಬ್ರಿಟನ್‌ನಲ್ಲಿ ಇದೇ ಆಯಿತು. ಅಲ್ಲಿನ 1990ರ ಕಾಯ್ದೆಯೂ ಫಲೀಕರಣದಿಂದಾದ ಭ್ರೂಣದ ಮಾತನ್ನೇ ಆಡಿತ್ತು. ಕ್ಲೋನ್ ಭ್ರೂಣ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು 2001ರ ನವೆಂಬರ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು. ಮೂರು ವಾರ ಕಳೆಯುವುದರೊಳಗೆ, ಡಿಸೆಂಬರ್ 4ಕ್ಕೆ, ಅಲ್ಲಿನ ಸಂಸತ್ತು ಒಂದು ಪುಟ್ಟ ಕಾಯ್ದೆ ಮಾಡಿತು: ಫಲೀಕರಣದಿಂದಲ್ಲದೆ ಬೇರೆ ರೀತಿ ಸೃಷ್ಟಿಸಿದ ಮಾನವ ಭ್ರೂಣವನ್ನು ಹೆಂಗಸಿನ ಗರ್ಭದಲ್ಲಿ ಇರಿಸುವುದು ಅಪರಾಧ, ಹತ್ತು ವರ್ಷದವರೆಗೆ ಸೆರೆ. ಪ್ರಯೋಗಾಲಯದ ಸಂಶೋಧನೆಯನ್ನು ಅದು ಮುಟ್ಟಲಿಲ್ಲ. ಲೈಸೆನ್ಸ್ ಕೊಡುವ ಪ್ರಾಧಿಕಾರಕ್ಕೆ ಬಿಟ್ಟಿತು. ವಿಶ್ವಸಂಸ್ಥೆ ನಾಲ್ಕು ವರ್ಷ ಜಗಳಾಡಿಯೂ ಬಿಡಿಸಲಾಗದ ಗಂಟನ್ನು ಒಂದು ವಾಕ್ಯ ಬಿಡಿಸಿತ್ತು.

ಮಕ್ಕಳಾಗದ ದಂಪತಿಗಳ ಹಕ್ಕಿನ ಪ್ರಶ್ನೆ ಉಳಿಯುತ್ತದೆ. ಅವರ ನೋವು ಸಣ್ಣದಲ್ಲ, ನಮ್ಮ ಹಳ್ಳಿಗಳಲ್ಲಿ ಬಂಜೆ ಎಂಬ ಮಾತು ಹೆಣ್ಣಿನ ಮೇಲೆ ಬೀಳುವ ರೀತಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐವಿಎಫ್‌ಗೂ ಮೊದಲು ಇದೇ ಆಕ್ಷೇಪಗಳಿದ್ದವು, 1978ರಲ್ಲಿ ಲೂಯಿಸ್ ಬ್ರೌನ್ ಹುಟ್ಟಿದ ಮೇಲೆ ಎಲ್ಲರೂ ಒಪ್ಪಿಕೊಂಡರಲ್ಲ ಎಂದು ಅವರ ಪರವಾಗಿ ವಾದಿಸುವವರು ಹೇಳುತ್ತಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಐವಿಎಫ್‌ನಲ್ಲಿ ಅಂಡಾಣು ವೀರ್ಯಾಣು ಕೂಡುವ ಜಾಗವಷ್ಟೇ ಬದಲಾಗುತ್ತದೆ. ಹುಟ್ಟುವ ಮಗು ಅಪ್ಪ ಅಮ್ಮ ಇಬ್ಬರಿಂದಲೂ ಪಡೆದು, ಇಬ್ಬರಂತೆಯೂ ಇಲ್ಲದೆ ಬರುತ್ತದೆ. ಹೊಸ ಮಗುವಿಗೆ ಆ ತೆರೆದ ಆರಂಭವನ್ನು ಇಲ್ಲವಾಗಿಸದೆ ಅವರ ಬಯಕೆ ಪೂರೈಸುವ ದಾರಿಗಳು ದಾನಿಯ ಅಂಡಾಣು ವೀರ್ಯಾಣುಗಳಿಂದ ಹಿಡಿದು ದತ್ತಕದವರೆಗೆ ಇವೆ. ಅವನ್ನು ಅಗ್ಗವಾಗಿಸುವುದು, ತಾಲ್ಲೂಕು ಆಸ್ಪತ್ರೆಯ ಮಟ್ಟಕ್ಕೆ ಸಲಹೆಯನ್ನಾದರೂ ತರುವುದು ಸರ್ಕಾರದ ಕೆಲಸ.

ಈಗ ಬೇಕಾದ ತಿದ್ದುಪಡಿ ದೊಡ್ಡದಲ್ಲ. 2021ರ ಕಾಯ್ದೆಯ ಭ್ರೂಣದ ವ್ಯಾಖ್ಯಾನದಲ್ಲಿ ಫಲೀಕರಣವಿಲ್ಲದೆ ಸೃಷ್ಟಿಯಾದವೂ ಸೇರಬೇಕು. ಅಂಥದ್ದನ್ನು ಗರ್ಭಕ್ಕೆ ಸೇರಿಸುವುದು ಜಾಮೀನಿಲ್ಲದ ಅಪರಾಧವಾಗಬೇಕು, ಶಿಕ್ಷೆ ಮಾಡಿದವರಿಗೆ ಇರಬೇಕೇ ಹೊರತು ಗರ್ಭ ಹೊತ್ತ ಹೆಂಗಸಿಗಾಗಲಿ ಹುಟ್ಟಿದ ಮಗುವಿಗಾಗಲಿ ತಟ್ಟಬಾರದು. ಆ ಮಗು ಹುಟ್ಟಿಯೇಬಿಟ್ಟರೆ ಎಲ್ಲ ಮಕ್ಕಳಿಗಿರುವ ಹಕ್ಕೂ ಅದಕ್ಕಿರಬೇಕೆಂದು ಕಾಯ್ದೆ ಬಾಯಿಬಿಟ್ಟು ಹೇಳಬೇಕು. ಪ್ರಯೋಗಾಲಯದ ಕೆಲಸಕ್ಕೆ 14 ದಿನದ ಗೆರೆ ಮತ್ತು ಲೈಸೆನ್ಸು, ಅದೂ ಮಾರ್ಗಸೂಚಿಯಿಂದ ಕಾಯ್ದೆಗೆ ಏರಬೇಕು. ಲಿಂಗ ಪತ್ತೆ ಕಾಯ್ದೆಯಲ್ಲಿ 15 ದಿನದ ನೋಟಿಸು ಕೊಟ್ಟ ಯಾವ ನಾಗರಿಕನೂ ನೇರ ನ್ಯಾಯಾಲಯಕ್ಕೆ ದೂರು ಒಯ್ಯಬಹುದು. ಆ ದಾರಿ ಇಲ್ಲೂ ತೆರೆದಿರಬೇಕು. ಇದು ಕೇಂದ್ರದ ಕಾಯ್ದೆಯಾದ್ದರಿಂದ ವಿಧಾನಸೌಧದಲ್ಲಿ ಆಗುವ ಕೆಲಸವಲ್ಲ. ನಂಜನಗೂಡು, ತಿ. ನರಸೀಪುರ ಎರಡೂ ಮೈಸೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಚಾಮರಾಜನಗರ ಕ್ಷೇತ್ರದಿಂದ ಪ್ರತಿನಿಧಿಯನ್ನು ಕಳಿಸುತ್ತವೆ. ಸರ್ಕಾರ ಮಸೂದೆ ತರದಿದ್ದರೆ ಖಾಸಗಿ ಸದಸ್ಯರ ಮಸೂದೆಯಾಗಿ ಇದನ್ನು ಮಂಡಿಸುವ ಅವಕಾಶ ಸಚಿವರಲ್ಲದ ಪ್ರತಿಯೊಬ್ಬ ಸಂಸದರಿಗೂ ಇದೆ, ಮುಂದಿನ ಅಧಿವೇಶನದಲ್ಲೇ ಇದೆ.